ಶಿಡ್ಲಘಟ್ಟದ ಫಿಲೇಚರಿಗೆ 400 ಎಂಡ್ಸ್ ಎಆರ್‌ಎಂ: ಕೊಳ್ಳುವ ಮುನ್ನ ಗೂಡು, ನೀರು, ಸುಂಕದ ಲೆಕ್ಕ

ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಇರಲಿ. ಚೀನಾದಿಂದ ಬರುವ 400 ಎಂಡ್ಸ್ ಸ್ವಯಂಚಾಲಿತ ರೀಲಿಂಗ್ ಯಂತ್ರ, ಅಂದರೆ ಫಿಲೇಚರಿನಲ್ಲಿ (ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ) ಒಟ್ಟಿಗೆ 400 ನೂಲು ಸುತ್ತುವ, ಎಲ್ಲರ ಬಾಯಲ್ಲಿರುವ ಎಆರ್‌ಎಂ, ಒಳ್ಳೆಯ ಯಂತ್ರವೇ. ದಿನಕ್ಕೆ 370 ಕಿಲೋದಷ್ಟು ಒಂದೇ ಹದದ, ಉದ್ದ ಎಳೆಯ ದ್ವಿತಳಿ ಗೂಡು ಹೊಂದಿಸಬಲ್ಲವರು, ಮೆದು ನೀರಿಗೆ ಪ್ರತ್ಯೇಕ ದುಡ್ಡು ಹಾಕಬಲ್ಲವರು, ನೂಲು ಮಾರುವ ತನಕ ಗೂಡಿನ ಹಣ ತಡೆದುಕೊಳ್ಳಬಲ್ಲವರು ಕೊಳ್ಳಬಹುದು. ಎಳೆಯ ಉದ್ದ ಕಡಿಮೆ ಇರುವ ಮಿಶ್ರತಳಿ ಗೂಡನ್ನೇ ನಂಬಿಕೊಂಡವರು, ಸಹಾಯಧನ ಎಷ್ಟೇ ದೊಡ್ಡದಿರಲಿ, ಇದರ ತಂಟೆಗೆ ಹೋಗದಿರುವುದು ಲೇಸು. ಅಂಥವರಿಗೆ ಕೈಯಿಂದ ಗೂಡು ಸೇರಿಸುವ 100 ಎಂಡ್ಸ್ ಮಲ್ಟಿ ಎಂಡ್ ಯಂತ್ರ ಸಾಕು.

ಯಂತ್ರ ಹೀಗಿದೆ. ಇಪ್ಪತ್ತು ಬೇಸಿನ್ (ಬಿಸಿನೀರಿನ ತೊಟ್ಟಿ), ಬೇಸಿನ್ನಿಗೆ ಇಪ್ಪತ್ತು ಎಂಡ್ಸ್. ಬೇಯಿಸಿದ ಗೂಡುಗಳ ತುದಿ ಹಿಡಿದುಕೊಡುವ ಭಾಗ ಒಂದು ಕೊನೆಯಲ್ಲಿ. ಬೇಸಿನ್ನುಗಳ ಸುತ್ತ ಸರಪಳಿಯ ಮೇಲೆ ಓಡಾಡುವ ಪುಟ್ಟ ಬುಟ್ಟಿಗಳಲ್ಲಿ ತುದಿ ಸಿದ್ಧವಾದ ಗೂಡುಗಳು. ಪ್ರತಿ ನೂಲಿನ ದಾರಿಯಲ್ಲಿ ಎರಡು ಗಾಜಿನ ಬಿಲ್ಲೆಗಳ ನಡುವಿನ ಸಣ್ಣ ಸಂದು: ಇದೇ ಡೆನಿಯರ್ (ನೂಲಿನ ದಪ್ಪ) ಅಳೆಯುವ ಗೇಜು. ನೂಲು ದಪ್ಪವಿದ್ದಾಗ ಸಂದಿನಲ್ಲಿ ಉಜ್ಜಾಟ ಹೆಚ್ಚು, ಒಂದು ಗೂಡು ಮುಗಿದು ತೆಳ್ಳಗಾದಾಗ ಕಡಿಮೆ. ಕಡಿಮೆಯಾದ ಕೂಡಲೇ ಸನ್ನೆಕಡ್ಡಿ ವಾಲಿ, ಮುಂದೆ ಬರುವ ಬುಟ್ಟಿಯಿಂದ ಒಂದು ಗೂಡು ಬೀಳುತ್ತದೆ. ಚರಕದಲ್ಲಿ ಈ ಕೆಲಸ ಮಾಡುವುದು ಬಿಸಿನೀರಿಗೆ ಕೈ ಹಾಕಿ ಕುಳಿತ ಹೆಂಗಸಿನ ಕಣ್ಣು. ಆ ಕಣ್ಣು ಎಷ್ಟೇ ಪಳಗಿದ್ದರೂ ಸಂಜೆ ಹೊತ್ತಿಗೆ 20/22 ಡೆನಿಯರ್ ನೂಲು 18ಕ್ಕೂ ಇಳಿಯುತ್ತದೆ, 26ಕ್ಕೂ ಏರುತ್ತದೆ. ಹೊಕ್ಕಿಗೆ, ಅಂದರೆ ಬಟ್ಟೆಯ ಅಡ್ಡ ಎಳೆಗೆ, ಅದು ನಡೆಯುತ್ತದೆ. ಪವರ್‌ಲೂಮಿನ ಹಾಸು ನೂಲಿಗೆ, ಅಂದರೆ ಉದ್ದ ಎಳೆಗೆ, ನಡೆಯುವುದಿಲ್ಲ. ದೊಡ್ಡಬಳ್ಳಾಪುರದವರೋ ವಾರಾಣಸಿಯವರೋ ಹಾಸಿನ ಎಳೆಗೆ ಚೀನಾ ನೂಲು ಕೇಳುವುದಕ್ಕೆ ಕಾರಣ ಇಷ್ಟೇ, ಅದರಲ್ಲಿ ದೇಶದ್ರೋಹವೇನೂ ಇಲ್ಲ.

ಉತ್ಪಾದನೆಯ ವಿಷಯದಲ್ಲಿ ಮಾರುವವರ ಮಾತು ನಂಬಬೇಕಿಲ್ಲ, ಕಾಗದದ ಮೇಲೆ ತಾವೇ ಲೆಕ್ಕ ಹಾಕಬಹುದು. ನಿಮಿಷಕ್ಕೆ 150 ಮೀಟರ್ ವೇಗ, 400 ಎಂಡ್ಸ್, ಎಂಟು ಗಂಟೆ, ಕಡಿತ-ನಿಲುಗಡೆ ಕಳೆದು ಶೇ 85ರ ದಕ್ಷತೆ: 2 ಕೋಟಿ 44 ಲಕ್ಷ 80 ಸಾವಿರ ಮೀಟರ್. 21 ಡೆನಿಯರ್ ಎಂದರೆ 9,000 ಮೀಟರಿಗೆ 21 ಗ್ರಾಂ, ಹಾಗಾಗಿ ಒಂದು ಪಾಳಿಗೆ 57 ಕಿಲೋ ನೂಲು. ಯಾರಾದರೂ ಒಂದು ಪಾಳಿಗೆ 80 ಕಿಲೋ ಎಂದರೆ ವೇಗ ಎಷ್ಟು, ದಕ್ಷತೆ ಎಷ್ಟು ಎಂದು ಕೇಳಿ. ಇದೇ ಲೆಕ್ಕದಲ್ಲಿ 100 ಎಂಡ್ಸ್ ಮಲ್ಟಿ ಎಂಡ್, ನಿಮಿಷಕ್ಕೆ 110 ಮೀಟರ್, ಶೇ 80ರ ದಕ್ಷತೆಯಲ್ಲಿ ಹತ್ತು ಕಿಲೋ ಆಸುಪಾಸು ಕೊಡುತ್ತದೆ.

ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಹಸಿ ಗೂಡು ಬೇಕು ಎಂಬ ಅಂಕಿ, 6.5 ಎಂದಿಟ್ಟುಕೊಂಡರೆ 57 ಕಿಲೋ ನೂಲಿಗೆ 371 ಕಿಲೋ ಹಸಿ ಗೂಡು. ಯಂತ್ರದ ಎಲ್ಲ ತೊಂದರೆಗಳೂ ಶುರುವಾಗುವುದು ಇಲ್ಲಿಂದ.

ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ಇಲ್ಲಿ ಒಂದು ಮೊಟ್ಟೆ ಎಂಬ ಲೆಕ್ಕ) ಮೇಯಿಸಿದ ರೈತನಿಗೆ ಬೆಳೆ ಚೆನ್ನಾಗಿ ಬಂದರೆ 60-70 ಕಿಲೋ ಗೂಡು. ಶಿಡ್ಲಘಟ್ಟದ ಸರ್ಕಾರಿ ಗೂಡು ಮಾರುಕಟ್ಟೆಯ ಇ-ಹರಾಜಿನಲ್ಲಿ ಒಂದು ದಿನದ 371 ಕಿಲೋ ಹೊಂದಿಸಬೇಕಾದರೆ ಐದಾರು ಲಾಟ್ ಹಿಡಿಯಬೇಕು. ಐದಾರು ಹುಳುಮನೆ, ಬೇರೆ ಬೇರೆ ಸೊಪ್ಪು, ಹುಳು ಗೂಡು ಕಟ್ಟುವ ಬೇರೆ ಬೇರೆ ಚಂದ್ರಿಕೆ. ಒಬ್ಬರ ಗೂಡಿನ ಪದರ ದಪ್ಪ, ಇನ್ನೊಬ್ಬರದು ತೆಳು. ಎಲ್ಲವನ್ನೂ ಒಂದೇ ಉಷ್ಣತೆಗೆ, ಒಂದೇ ಸಮಯಕ್ಕೆ ಬೇಯಿಸಿದರೆ ದಪ್ಪದವು ಬೇಯದೆ ನೂಲು ಕಡಿಯುತ್ತದೆ, ತೆಳ್ಳನೆಯವು ಅತಿಯಾಗಿ ಬೆಂದು ಎಳೆ ಕೆದರಿ ಗಂಟಾಗುತ್ತದೆ. ಚರಕದವರು ಲಾಟಿಗೆ ತಕ್ಕಂತೆ ಕೈಯಲ್ಲೇ ಹದ ಬದಲಿಸುತ್ತಾರೆ, ಎಆರ್‌ಎಂಗೆ ಆ ಜಾಣತನ ಇಲ್ಲ. ಲಾಟುಗಳನ್ನು ಬೆರೆಸದೆ ಒಂದೊಂದನ್ನೇ ಪ್ರತ್ಯೇಕವಾಗಿ ಒಣಗಿಸಿ, ಪ್ರತ್ಯೇಕ ಚೀಲದಲ್ಲಿ ಗುರುತು ಹಾಕಿ, ಬೇಯಿಸುವ ಮುನ್ನ ಪ್ರತಿ ಲಾಟಿನಿಂದ ಒಂದು ಹಿಡಿ ಪರೀಕ್ಷೆ ಮಾಡುವುದೊಂದೇ ದಾರಿ. ಜೋಡಿ ಗೂಡು, ಕಲೆ ಬಿದ್ದವು, ಪೊಳ್ಳು ಎಲ್ಲ ಆರಿಸಿ ತೆಗೆಯಲು ಜನ ಬೇಕು. ಯಂತ್ರ ಸ್ವಯಂಚಾಲಿತವೇ ಹೊರತು ಫಿಲೇಚರ್ ಅಲ್ಲ.

ಮಿಶ್ರತಳಿ ಯಾಕೆ ಆಗುವುದಿಲ್ಲ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅದಕ್ಕೂ ಲೆಕ್ಕವಿದೆ. ಒಳ್ಳೆಯ ದ್ವಿತಳಿ ಗೂಡಿನ ಎಳೆ ಸುಮಾರು 1,000 ಮೀಟರ್. 21 ಡೆನಿಯರಿಗೆ ಎಂಟು ಗೂಡು ಕೂಡಬೇಕು. ನಿಮಿಷಕ್ಕೆ 150 ಮೀಟರ್ ಎಳೆದರೆ ಒಂದು ಗೂಡು 400 ಸೆಕೆಂಡ್ ಬರುತ್ತದೆ, ಅಂದರೆ ಪ್ರತಿ ಎಂಡಿಗೆ 50 ಸೆಕೆಂಡಿಗೊಮ್ಮೆ ಹೊಸ ಗೂಡು. ಮಿಶ್ರತಳಿಯಲ್ಲಿ ಎಳೆ 700 ಮೀಟರ್ ಎಂದುಕೊಂಡರೂ ಅದು ಸಣ್ಣ ಎಳೆ, ಒಂಬತ್ತು ಗೂಡು ಬೇಕು. ಲೆಕ್ಕ 31 ಸೆಕೆಂಡಿಗೆ ಇಳಿಯುತ್ತದೆ. ನಡುವೆ ಎಳೆ ಕಡಿಯುವುದು ಸೇರಿದರೆ ಇನ್ನೂ ಕಡಿಮೆ. ಬುಟ್ಟಿ ಸುತ್ತಿ ಬರುವಷ್ಟರಲ್ಲಿ ನೂಲು ತೆಳ್ಳಗಾಗಿಬಿಟ್ಟಿರುತ್ತದೆ. ವೇಗ ಇಳಿಸಿದರೆ ನೂಲು ಸಮ ಬರುತ್ತದೆ, ಆದರೆ 57 ಕಿಲೋ 35 ಆಗುತ್ತದೆ, ಸಾಲದ ಕಂತು ಹಾಗೇ ಇರುತ್ತದೆ.

ನೀರು. ಈ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿ ಹೊಸದೇನಲ್ಲ, ಆ ಆಳದ ನೀರು ಗಡಸು. ಗಡಸು ನೀರಿನಲ್ಲಿ ಗೂಡಿನ ಗೋಂದು ಸಮನಾಗಿ ಮೆತ್ತಗಾಗುವುದಿಲ್ಲ, ನೂಲು ಬಿರುಸು, ಹೊಳಪು ಕಡಿಮೆ. ಕ್ಷಾರ ಹೆಚ್ಚಿದರೆ ಉಲ್ಟಾ ತೊಂದರೆ: ಗೋಂದು ಬೇಕಾದ್ದಕ್ಕಿಂತ ಹೆಚ್ಚು ಕರಗಿ ನೀರಿಗೆ ಹೋಗುತ್ತದೆ, ತೂಕ ಹೋಗುತ್ತದೆ, ರೆಂಡಿಟ್ಟಾ ಏರುತ್ತದೆ. ಗೂಡು ಕಿಲೋಗೆ 600 ರೂಪಾಯಿ ಇರುವಾಗ ರೆಂಡಿಟ್ಟಾ 0.1 ಏರಿದರೆ ಒಂದು ಕಿಲೋ ನೂಲಿಗೆ 60 ರೂಪಾಯಿ ನಷ್ಟ, ದಿನದ 57 ಕಿಲೋಗೆ 3,420. ನೀರು ಮೆದು ಮಾಡುವ ಘಟಕದ ಖರ್ಚನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಅದು ದುಬಾರಿ ಅನ್ನಿಸುವುದಿಲ್ಲ. ಆದರೂ ಯಂತ್ರದ ಕೊಟೇಶನ್ನಿನಲ್ಲಿ ಅದನ್ನು ಹುಡುಕಿದರೆ ಸಿಗುವುದು ಅಪರೂಪ. ಬಿಸಿಗಾಳಿ ಡ್ರೈಯರ್, ಬಾಯ್ಲರ್, ಜನರೇಟರ್, ರೀ-ರೀಲಿಂಗ್ ಯಂತ್ರ ಯಾವುದು ಬೆಲೆಯಲ್ಲಿ ಸೇರಿದೆ, ಯಾವುದು ಇಲ್ಲ ಎಂಬುದನ್ನು ಸಾಲು ಸಾಲಾಗಿ ಬರೆಸಿಕೊಳ್ಳಬೇಕು. ಕೋಟಿಯ ಲೆಕ್ಕದ ವ್ಯವಹಾರದಲ್ಲಿ ಜಗಳ ಬರುವುದು ಈ ಪಟ್ಟಿಯಲ್ಲೇ.

ಡ್ರೈಯರ್ ಬಿಟ್ಟು ಎಆರ್‌ಎಂ ನಡೆಸುವ ಯೋಚನೆ ಬೇಡ. ಹಬೆಯಲ್ಲಿ ಹುಳು ಕೊಂದ ಗೂಡು ಕೆಲವೇ ದಿನ ತಡೆಯುತ್ತದೆ, ಬಳಿಕ ಬೂಷ್ಟು. ಬಿಸಿಗಾಳಿಯಲ್ಲಿ 115 ಡಿಗ್ರಿಯಿಂದ ಶುರು ಮಾಡಿ ಐದಾರು ಗಂಟೆಯಲ್ಲಿ 60ರ ಹತ್ತಿರಕ್ಕೆ ಇಳಿಸುತ್ತ ಬಂದರೆ ನೂರು ಕಿಲೋ ಹಸಿ ಗೂಡು ನಲವತ್ತು ಕಿಲೋ ಆಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಲೆ ಇಳಿದ ದಿನ ಕೊಂಡಿಟ್ಟುಕೊಳ್ಳಲು ಆಗುವುದೂ ಆಗಲೇ. ಆದರೆ ದುಡ್ಡು? 371 ಕಿಲೋ, 600 ರೂಪಾಯಿ, ದಿನಕ್ಕೆ 2,22,600. ಹತ್ತು ದಿನದ ದಾಸ್ತಾನು ಅಂದರೆ 22 ಲಕ್ಷ. ಗೂಡಿನ ಹಣ ಮಾರುಕಟ್ಟೆಯಲ್ಲಿ ಕೂಡಲೇ ಕಟ್ಟಬೇಕು, ನೂಲಿನ ಹಣ ಬರುವುದು ನಿಧಾನ. ಯಂತ್ರಕ್ಕೆ ಸಾಲ ಕೊಡುವ ಬ್ಯಾಂಕು ಗೂಡಿಗೆ ಕೊಡಲು ಹಿಂದೆ ಮುಂದೆ ನೋಡುತ್ತದೆ. ಯಂತ್ರ ಇದ್ದೂ ವಾರಕ್ಕೆ ನಾಲ್ಕು ದಿನ ಮಾತ್ರ ಓಡುವ ಘಟಕಗಳ ಕಾಯಿಲೆ ಬಹುಪಾಲು ಇದೇ.

ನಿರ್ವಹಣೆಯಲ್ಲಿ ಗಮನ ಬೇಕಾದದ್ದು ಡೆನಿಯರ್ ಗೇಜು. ಗಾಜಿನ ಸಂದಿಗೆ ಗೋಂದು ಮೆತ್ತಿದರೆ ಉಜ್ಜಾಟ ಹೆಚ್ಚಿ, ತೆಳ್ಳಗಿನ ನೂಲನ್ನೂ ಯಂತ್ರ ದಪ್ಪ ಎಂದೇ ತಿಳಿದು ಗೂಡು ಹಾಕುವುದಿಲ್ಲ. ಪಾಳಿಗೊಮ್ಮೆ ತೊಳೆಯದ ಕಡೆ ನೂಲು ಸಂಜೆ ಹೊತ್ತಿಗೆ ಸಣ್ಣಗಾಗುವುದು ಇದರಿಂದ. ಗೇಜು, ಪಿಂಗಾಣಿ ಗುಂಡಿ, ಬುಟ್ಟಿಯ ಭಾಗಗಳು, ನಿಯಂತ್ರಣದ ಎಲೆಕ್ಟ್ರಾನಿಕ್ ಬೋರ್ಡು, ಇವುಗಳ ಬಿಡಿಭಾಗ ಒಂದು ವರ್ಷಕ್ಕಾಗುವಷ್ಟು ಯಂತ್ರದ ಜೊತೆಯಲ್ಲೇ ತರಿಸಿಕೊಳ್ಳಿ. 2020ರ ಗಡಿ ಗಲಾಟೆಯ ನಂತರ ಚೀನಾದ ತಂತ್ರಜ್ಞರಿಗೆ ವೀಸಾ ಸಿಗುವುದು ವರ್ಷಗಟ್ಟಲೆ ಕಷ್ಟವಾಯಿತು. ಅಳವಡಿಸಿಕೊಡಲು ಬರಬೇಕಾದವರು ಬಾರದೆ ಯಂತ್ರ ಪೆಟ್ಟಿಗೆಯಲ್ಲೇ ಕುಳಿತರೆ ಬಡ್ಡಿ ಕುಳಿತುಕೊಳ್ಳುವುದಿಲ್ಲ. ಸಣ್ಣ ರೀಲಿನಿಂದ ಒಂದೂವರೆ ಮೀಟರ್ ಸುತ್ತಳತೆಯ ದೊಡ್ಡ ರೀಲಿಗೆ ಮತ್ತೆ ಸುತ್ತುವ ಹಂತವನ್ನೂ ಹಗುರವಾಗಿ ನೋಡಬಾರದು. ಬೇಸಿಗೆಯ ಒಣ ಗಾಳಿಯಲ್ಲಿ ನೂಲು ಸಣ್ಣ ರೀಲಿನ ಮೇಲೆಯೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಿರ್ವಾತ ತೊಟ್ಟಿಯಲ್ಲಿ ನೆನೆಸದೆ ಬಿಚ್ಚಿದರೆ ಕಡಿತವೋ ಕಡಿತ.

ಇಷ್ಟೆಲ್ಲ ತಾಪತ್ರಯದ ಯಂತ್ರವನ್ನು ಸರ್ಕಾರ ಯಾಕೆ ಕೊಳ್ಳಿ ಕೊಳ್ಳಿ ಎನ್ನುತ್ತದೆ? ಇದಕ್ಕೆ ಉತ್ತರ ಬೇಸಿನ್ನಿನಲ್ಲಿಲ್ಲ, ಬಂದರಿನಲ್ಲಿದೆ.

ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧಗಳನ್ನು ಭಾರತ 2001ರಲ್ಲಿ ತೆಗೆಯಿತು. ಅಂದಿನಿಂದ ಕಚ್ಚಾ ರೇಷ್ಮೆಗೆ ಉಳಿದ ಬೇಲಿ ಸುಂಕ ಮಾತ್ರ. ಚೀನಾ ನೂಲಿನ ಮೇಲೆ 2003ರಲ್ಲಿ, ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುರಿ ವಿರೋಧಿ (ಆ್ಯಂಟಿ ಡಂಪಿಂಗ್) ಸುಂಕ ಬಂತು. 2011ರ ಬಜೆಟ್ಟಿನಲ್ಲಿ ಮೂಲ ಸುಂಕ ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಯಿತು. ಆ ವರ್ಷ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಮತ್ತೆ 15. ನಡುವೆ 10ಕ್ಕೆ ಇಳಿದು, 2021ರ ಬಜೆಟ್ಟಿನಲ್ಲಿ ಪುನಃ 15. ಹತ್ತು ವರ್ಷದಲ್ಲಿ ನಾಲ್ಕು ಸಲ ಬದಲಾವಣೆ. ಹಿಪ್ಪುನೇರಳೆ ತೋಟ ಒಮ್ಮೆ ಹಾಕಿದರೆ ಹನ್ನೆರಡು-ಹದಿನೈದು ವರ್ಷ ನಿಲ್ಲುತ್ತದೆ, ಎಆರ್‌ಎಂ ಕೂಡ ಹೆಚ್ಚುಕಡಿಮೆ ಅಷ್ಟೇ ಬಾಳಬೇಕಾದ ವಸ್ತು. ಸುಂಕ ಶೇ 10 ಇರಲಿ 15 ಇರಲಿ, ಹತ್ತು ವರ್ಷ ಒಂದೇ ಇದ್ದರೆ ಲೆಕ್ಕ ಹಾಕಬಹುದು. ಪ್ರತಿ ಫೆಬ್ರವರಿಯಲ್ಲೂ ಎದೆ ಹಿಡಿದು ಕೂರುವ ದಂಧೆಗೆ ಯಾರೂ ಕೋಟಿ ಹಾಕುವುದಿಲ್ಲ.

ಸುಂಕ ಗೂಡಿಗೆ ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಚೀನಾದ ನೂಲು ಬಂದರಿಗೆ ಕಿಲೋಗೆ 4,200 ರೂಪಾಯಿಗೆ ಬಂದಿಳಿಯಿತು ಎಂದಿಟ್ಟುಕೊಳ್ಳೋಣ. ಉಪಕರ ಬಿಟ್ಟರೆ ಶೇ 5ರ ಸುಂಕ 210, ಶೇ 15ರದು 630. ವ್ಯತ್ಯಾಸ 420. ಅದನ್ನು 6.5ರ ರೆಂಡಿಟ್ಟಾದಿಂದ ಭಾಗಿಸಿದರೆ ಗೂಡಿನ ಕಿಲೋಗೆ ಸುಮಾರು 65 ರೂಪಾಯಿ. ರೆಂಡಿಟ್ಟಾ ಎಂಟರ ಚರಕದವರಿಗೆ ಅದೇ ರಕ್ಷಣೆ ಗೂಡಿನ ಕಿಲೋಗೆ ಐವತ್ತೆರಡೂವರೆಗೆ ಇಳಿಯುತ್ತದೆ. ಇದೂ ಚೀನಾ ನೂಲಿಗೆ ಎದುರಾಗಿ ನಿಲ್ಲುವ ಗುಣದ ನೂಲು ತೆಗೆದರೆ ಮಾತ್ರ. ಹಾಸಿನ ಎಳೆಗೆ ಬಾರದ ನೂಲಿಗೆ ಸುಂಕದ ನೆರಳು ಅಷ್ಟಾಗಿ ಬೀಳುವುದಿಲ್ಲ, ಅದು ಬೇರೆಯೇ ಮಾರುಕಟ್ಟೆ.

ನೇಯುವವರ ಪಾಲಿಗೆ ಈ 420 ರೂಪಾಯಿ ತೆರಿಗೆ. ನೂಲಿಗೆ ಸುಂಕ ಏರಿಸಿ ಬಟ್ಟೆಗೆ ಏರಿಸದಿದ್ದರೆ ಅದೇ ರೇಷ್ಮೆ ಬಟ್ಟೆಯಾಗಿ ಒಳಗೆ ಬರುತ್ತದೆ, ನಮ್ಮ ರೀಲರಿಗೂ ಇಲ್ಲ, ನಮ್ಮ ಮಗ್ಗಕ್ಕೂ ಇಲ್ಲ. ರಫ್ತು ಮಾಡುವವರು ಮುಂಗಡ ಪರವಾನಗಿಯಲ್ಲಿ ಸುಂಕವಿಲ್ಲದೆ ತರಿಸಿಕೊಳ್ಳಬಹುದು, ಅದು ನ್ಯಾಯವೇ. ಕಷ್ಟ ಒಳನಾಡಿಗೆ ನೇಯುವವರದು.

ಸುಂಕವಿಲ್ಲದೆ ಬೆಳೆದ ದೇಶವೂ ಇದೆ. 1866ರ ಒಪ್ಪಂದ ಜಪಾನಿನ ಕೈ ಕಟ್ಟಿತ್ತು, ಸುಂಕ ಶೇ 5ರ ಆಸುಪಾಸಿಗಿಂತ ಏರಿಸುವಂತಿರಲಿಲ್ಲ. ಪೂರ್ತಿ ಸ್ವಾತಂತ್ರ್ಯ ಬಂದದ್ದು 1911ರಲ್ಲಿ. ಆ ಸರ್ಕಾರ 1872ರಲ್ಲಿ ತೊಮಿಯೋಕದಲ್ಲಿ ಫ್ರಾನ್ಸಿನ ಯಂತ್ರ ತರಿಸಿ 300 ಬೇಸಿನ್ನುಗಳ ಮಾದರಿ ಗಿರಣಿ ಕಟ್ಟಿತು. ಲಾಭದ ದೃಷ್ಟಿಯಿಂದ ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. 1893ರಲ್ಲಿ ಮಿತ್ಸುಯಿ ಕಂಪನಿಗೆ ಮಾರಿದರು. ಆದರೆ ಅಲ್ಲಿ ಕಲಿತ ಹುಡುಗಿಯರು ಊರೂರಿಗೆ ವಿದ್ಯೆ ಒಯ್ದರು. ಸುವಾ ಕಡೆಯ ರೀಲರುಗಳು ಕಬ್ಬಿಣದ ಬದಲು ಮರ ಹಾಕಿ, ಅದೇ ಯಂತ್ರವನ್ನು ಅಗ್ಗದಲ್ಲಿ ತಾವೇ ಮಾಡಿಕೊಂಡರು. 1910ರ ಹೊತ್ತಿಗೆ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಪಾನ್ ಚೀನಾವನ್ನು ಹಿಂದಿಕ್ಕಿತ್ತು. ಮುಂದೆ 1970ರ ದಶಕದಲ್ಲಿ ಅದೇ ಜಪಾನ್ ರೇಷ್ಮೆ ಆಮದಿಗೆ ಬೇಲಿ ಹಾಕಿತು, ಕೂಲಿ ಏರಿ ಕಿಮೊನೊ ಉಡುವವರು ಕಡಿಮೆಯಾದ ಮೇಲೆ ಬೇಲಿಯಿಂದ ಏನೂ ಉಳಿಯಲಿಲ್ಲ. ತೊಮಿಯೋಕ 1987ರಲ್ಲಿ ಮುಚ್ಚಿತು, ಈಗ ವಿಶ್ವ ಪರಂಪರೆಯ ತಾಣ. ಎರಡೂ ತುದಿಯ ಪಾಠ ಒಂದೇ ಗಿರಣಿಯಲ್ಲಿ ಸಿಗುವುದು ಅಪರೂಪ.

ಜಪಾನಿನ ಆ ವಿದ್ಯೆ ಮೈಸೂರು ಸೀಮೆಗೂ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆಮ್‌ಶೆಡ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ಸಿಲ್ಕ್ ಫಾರಂ ಮಾಡಿಸಿದರು. ಬಸವನಗುಡಿ ಕಡೆ ಬಡಾವಣೆಯ ಹೆಸರಾಗಿ ಅದು ಇನ್ನೂ ಇದೆ. 1991ರಿಂದ ಜಪಾನ್ ಸರ್ಕಾರದ ಸಹಕಾರ ಸಂಸ್ಥೆ ಜೈಕಾದ ನೆರವಿನಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ ದ್ವಿತಳಿ ಹುಳುಗಳನ್ನು ಈ ಹವೆಗೆ ಒಗ್ಗಿಸಿತು, ಸಿಎಸ್‌ಆರ್ ತಳಿಗಳು ಅಲ್ಲಿಂದ ಬಂದವು. ಎಆರ್‌ಎಂ ಇಲ್ಲಿ ಓಡುತ್ತಿದೆ ಎಂದರೆ ಅದರ ಅರ್ಧ ಪುಣ್ಯ ಆ ಹುಳುಗಳಿಗೆ ಸಲ್ಲಬೇಕು. ಕೈಗಾರಿಕಾ ನೀತಿಯಲ್ಲಿ ಫೋಟೊ ತೆಗೆಸಿಕೊಳ್ಳಲು ಬರುವ ಭಾಗ ಯಂತ್ರ, ಫಲ ಕೊಡುವ ಭಾಗ ಇಂಥದ್ದು.

ಸಿಲ್ಕ್ ಸಮಗ್ರ-2 ಯೋಜನೆಗೆ ಕೇಂದ್ರ 2021-22ರಿಂದ ಐದು ವರ್ಷಕ್ಕೆ 4,679.86 ಕೋಟಿ ಇಟ್ಟಿತು. ಎಆರ್‌ಎಂ ಸಹಾಯಧನ ಇದರೊಳಗೇ ಇತ್ತು, ರಾಜ್ಯದ ಪಾಲೂ ಸೇರುತ್ತಿತ್ತು. ನಮ್ಮ ದೂರು ಮೊತ್ತದ ಬಗ್ಗೆ ಅಲ್ಲ, ಕೊಡುವ ಕ್ರಮದ ಬಗ್ಗೆ. ಯಂತ್ರ ಬಂತು, ಕೂತಿತು, ಓಡಿತು ಎಂದು ತಪಾಸಣೆ ಆದರೆ ಸಹಾಯಧನದ ಹಕ್ಕು ಬರುತ್ತದೆ. ಮೂರು ವರ್ಷದ ಬಳಿಕ ಯಾವ ಗ್ರೇಡಿನ ನೂಲು ಎಷ್ಟು ಕಿಲೋ ಬಂತು ಎಂಬುದಕ್ಕೆ ಒಂದು ಪೈಸೆಯೂ ಕಟ್ಟಿಲ್ಲದಿದ್ದರೆ ಘಟಕಕ್ಕೆ ಗ್ರೇಡ್ ಏರಿಸುವ ಒತ್ತಡ ಎಲ್ಲಿಂದ ಬರಬೇಕು? 1960ರ ದಶಕದಲ್ಲಿ ದಕ್ಷಿಣ ಕೊರಿಯಾ ಅಗ್ಗದ ಸಾಲವನ್ನು ರಫ್ತಿನ ಸಾಧನೆಗೆ ಕಟ್ಟಿಹಾಕಿತ್ತು, ಗುರಿ ಮುಟ್ಟದವರಿಗೆ ಮುಂದಿನ ಸಾಲ ಕಷ್ಟವಿತ್ತು. ಇಲ್ಲಿ ರಫ್ತು ಬೇಡ, ಮೇಲ್ದರ್ಜೆಯ 3ಎ ಗ್ರೇಡಿನ ಪ್ರತಿ ಕಿಲೋಗೆ ಇಷ್ಟು ಎಂದು ಇಟ್ಟರೂ ಸಾಕು. ಮಲ್ಟಿ ಎಂಡ್ ಯಂತ್ರವನ್ನು ನಮ್ಮ ದೇಶದಲ್ಲೇ ಕಟ್ಟುತ್ತಾರೆ, ಬಿಡಿಭಾಗ ಹತ್ತಿರದ ವರ್ಕ್‌ಶಾಪಿನಲ್ಲಿ ಸಿಗುತ್ತದೆ. ಸುವಾದವರು ಮಾಡಿದ ಹಾಗೆ ಎಆರ್‌ಎಂನ ಬುಟ್ಟಿ-ಗೇಜುಗಳನ್ನು ಬೆಂಗಳೂರು, ತುಮಕೂರಿನ ಯಂತ್ರ ತಯಾರಕರ ಕೈಗೆ ಕೊಡುವ ಕೆಲಸಕ್ಕೂ ಸ್ವಲ್ಪ ಹಣ ಹೋದರೆ ವೀಸಾ ಕಾಯುವುದು ತಪ್ಪುತ್ತದೆ.

ಮಾರಾಟದ ವಿಷಯ ಕೊನೆಗೆ, ಆದರೆ ಕೊಳ್ಳುವ ನಿರ್ಧಾರ ನಿಲ್ಲಬೇಕಾದದ್ದು ಇದರ ಮೇಲೆ. ನಮ್ಮಲ್ಲಿ ನೂಲಿನ ವ್ಯಾಪಾರ ಬಹಳ ಮಟ್ಟಿಗೆ ಕಣ್ಣಂದಾಜು, ಕೈಯಂದಾಜು. ಗ್ರೇಡ್ ಪತ್ರವಿಲ್ಲದ ಎಆರ್‌ಎಂ ನೂಲು ಒಳ್ಳೆಯ ಮಲ್ಟಿ ಎಂಡ್ ನೂಲಿನ ಬೆಲೆಗೇ ಹೋಗುತ್ತದೆ, ಸಮತೆಗೆ ಹಾಕಿದ ಖರ್ಚು ವ್ಯಾಪಾರಿಯ ಜೇಬಿಗೆ. ಹಾಗಾಗಿ ಯಂತ್ರಕ್ಕೆ ಮುಂಗಡ ಕೊಡುವ ಮುನ್ನ ಓಡುತ್ತಿರುವ ಘಟಕವೊಂದಕ್ಕೆ ನಿಮ್ಮದೇ ಗೂಡು ಕೊಂಡೊಯ್ದು, ಕೂಲಿ ಕೊಟ್ಟು ಒಂದು ದಿನ ಬಿಚ್ಚಿಸಿ. ನಿಮ್ಮ ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕೊಡಿ. ಬಂದ ನೂಲನ್ನು ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಸಮತೆ, ಸ್ವಚ್ಛತೆ, ಕಡಿತದ ಪರೀಕ್ಷೆ ಮಾಡಿಸಿ, ಆ ಪತ್ರ ಹಿಡಿದು ಹಾಸು ನೂಲು ಕೊಳ್ಳುವ ಮೂವರ ಬಳಿ ಹೋಗಿ. ಮಲ್ಟಿ ಎಂಡ್ ನೂಲಿಗಿಂತ ಕಿಲೋಗೆ ಎಷ್ಟು ಹೆಚ್ಚು ಕೊಡುತ್ತೀರಿ ಎಂದು ಕೇಳಿ, ಬಂದ ಅಂಕಿಯನ್ನು 57ರಿಂದ, ಆಮೇಲೆ ತಿಂಗಳಿಗೆ 24 ದಿನದಿಂದ ಗುಣಿಸಿ. ಅದು ಬ್ಯಾಂಕಿನ ಕಂತಿಗಿಂತ ಕಡಿಮೆ ಬಂದರೆ ಮಲ್ಟಿ ಎಂಡ್‌ನಲ್ಲೇ ಇರಿ, ಡ್ರೈಯರ್ ಮತ್ತು ನೀರಿನ ಘಟಕವನ್ನು ಮಾತ್ರ ಈಗ ಹಾಕಿಸಿಕೊಳ್ಳಿ.